ಬೆಂದ ಬೆರಳು, ಸಮವಿಲ್ಲದ ನೂಲು

ನಂದಗುಡಿ ಕಡೆಯ ರೈತ ಚಂದ್ರಿಕೆಯಿಂದ ರೇಷ್ಮೆ ಗೂಡು ಬಿಡಿಸಿ ವಿಜಯಪುರಕ್ಕೋ ಶಿಡ್ಲಘಟ್ಟಕ್ಕೋ ಹೊರಟರೆ, ಮಾರುಕಟ್ಟೆಯಲ್ಲಿ ಎಲ್ಲರ ಕಣ್ಣೂ ಗೂಡಿನ ಮೇಲೆ. ನೂಲು ಕೆಟ್ಟರೆ ಬೈಗುಳ ಗೂಡಿಗೆ, ಇಲ್ಲವೇ ನೂಲು ಬಿಚ್ಚಿದ ಕೈಗೆ. ಆ ಕೈ ಎಂಥ ಜಾಗದಲ್ಲಿ ದುಡಿಯುತ್ತದೆ ಎಂದು ಕೇಳುವವರು ಕಡಿಮೆ. ನನ್ನ ತಕರಾರು ಅಲ್ಲೇ.

ನೂಲು ಬಿಚ್ಚುವ ಚರಕದ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಗೂಡು ಬೇಯುವುದೂ ಎಳೆ ಬಿಚ್ಚುವುದೂ ಒಂದೇ ಬಾಣಲೆಯಲ್ಲಿ, ನೀರು ಕುದಿಯ ಹತ್ತಿರ. ಒಲೆಯ ಪಕ್ಕ ಕೂತ ಹೆಂಗಸು ಬೆನ್ನು ಬಾಗಿಸಿ, ಹಬೆಯಲ್ಲಿ ಕಣ್ಣು ಕಿರಿದು ಮಾಡಿ ಎಳೆಯ ತುದಿ ಹುಡುಕುತ್ತಾಳೆ. ಅದ್ದಿದ ಬೆರಳು ತಕ್ಷಣ ಹಿಂದೆ ಬರುತ್ತದೆ. ನೆನೆದು ಬೆಳ್ಳಗಾದ ಚರ್ಮ ಬಿರಿದಿರುತ್ತದೆ.

ಒಂದು ಗೂಡಿನ ಎಳೆ ಎರಡರಿಂದ ಮೂರು ಡೀನಿಯರ್. ಅಂದರೆ 9,000 ಮೀಟರ್ ಎಳೆಯ ತೂಕ ಎರಡು-ಮೂರು ಗ್ರಾಂ. ಎಂಟು-ಹತ್ತು ಗೂಡಿನ ಎಳೆ ಕೂಡಿದರೆ 20–22 ಡೀನಿಯರಿನ ನೂಲು. ಎಂಟರಲ್ಲಿ ಒಂದು ಕಡಿದು, ಹೊಸ ತುದಿ ಕೊಡುವುದು ತಡವಾದರೆ, ಅಷ್ಟುದ್ದವೂ ನೂಲು ಎಂಟನೇ ಒಂದು ಪಾಲು ತೆಳುವಾಯಿತು. ಬೆರಳು ಉರಿಯುವಾಗ ಒಂದೊಂದೇ ತುದಿ ಕೊಡುವ ತಾಳ್ಮೆ ಎಲ್ಲಿಂದ ಬರಬೇಕು? ನಾಲ್ಕನ್ನು ಒಟ್ಟಿಗೇ ಹಾಕಿದರೆ ಅಲ್ಲೊಂದು ಗಂಟು. ಇಂಥ ನೂಲನ್ನು ನೇಯ್ಗೆಯ ಹಾಸಿನ ಎಳೆಗೆ ನಂಬಲಾಗದು; ಚರಕದ ನೂಲು ಹೆಚ್ಚಾಗಿ ಹೊಕ್ಕಿಗೆ ಹೋಗುತ್ತದೆ.

ಚರಕದ ನಂತರ ಕಾಟೇಜ್ ಬೇಸಿನ್ ಎಂಬ ಸಾಧನ ಬಂದು ಬೇಯಿಸುವ ಪಾತ್ರೆಯನ್ನು ಬೇರೆ ಮಾಡಿತು. ಆಮೇಲಿನ ಮಲ್ಟಿ ಎಂಡ್ ಯಂತ್ರದಲ್ಲಿ ನೀರಿನ ಬಿಸಿ ಇನ್ನೂ ತಗ್ಗಿತು, ಸುತ್ತು ನಿಧಾನವಾಯಿತು. 1983ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕೇಂದ್ರ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆ ಇಂಥ ಯಂತ್ರಗಳನ್ನು ರೂಪಿಸಿತು. ಅದು ದೊಡ್ಡ ಕೆಲಸ. ನೂಲು ಸುಧಾರಿಸಿದ ಕೀರ್ತಿಯನ್ನು ಜನ ಯಂತ್ರಕ್ಕೆ ಕೊಡುತ್ತಾರೆ. ನಾನಾದರೆ ಅದರಲ್ಲಿ ಅರ್ಧವನ್ನು ಬೆರಳು ತಾಳಬಲ್ಲ ಆ ನೀರಿಗೆ ಕೊಡುತ್ತೇನೆ.

ಆದರೆ ಬೆನ್ನಿನ ನೋವು ಕಾಲಿಗೆ ಇಳಿದಿದೆ. ಮಲ್ಟಿ ಎಂಡ್ ಯಂತ್ರದ ಮುಂದೆ ದಿನವಿಡೀ ಒದ್ದೆ ನೆಲದ ಮೇಲೆ ನಿಂತೇ ಕೆಲಸ, ಮೇಲೆ ಮಂದ ಬೆಳಕು. ಹತ್ತು ಎಳೆಗಳನ್ನು ಒಬ್ಬಳೇ ಕಾಯಬೇಕು. ಸಹಾಯಧನದ ಮಾತೆಲ್ಲ ಯಂತ್ರದ ಸುತ್ತ ಸುತ್ತುತ್ತದೆ. ಚರಂಡಿ, ದೀಪ, ಒರಗಿ ಕೂರಲು ಒಂದು ಎತ್ತರದ ಸ್ಟೂಲು ಅದರಲ್ಲಿ ಸೇರಲೇಬೇಕು.

ನೂಲಿನ ಸಮತೆ ನೋಡಲು ಅದನ್ನು ಕಪ್ಪು ಹಲಗೆಗೆ ಸುತ್ತುತ್ತಾರೆ. ತೆಳುವಾದ ಕಡೆ ಗೆರೆ ಎದ್ದು ಕಾಣುತ್ತದೆ. ಗೆರೆ ಕಂಡಾಗ ಗೂಡು ಯಾವ ಊರಿನದೆಂದು ಕೇಳುವವರು, ಅದನ್ನು ಬಿಚ್ಚಿದ್ದು ಬೆಳಗಿನ ಎಂಟಕ್ಕೋ ಸಂಜೆಯ ಆರಕ್ಕೋ ಎಂದೂ ಕೇಳಿ ಬರೆದಿಡಲಿ.