ಚಿಗರಿಯ ಹೊಟ್ಟೆಯ ಬಿಳುಪು

ಮಕ್ಕಳ ಪುಸ್ತಕದಲ್ಲೊಂದು ಜಲವರ್ಣ ಚಿತ್ರ ಇದೆ ಅಂದುಕೊಳ್ಳಿ. ರಾಣೆಬೆನ್ನೂರಿನ ಹುಲ್ಲುಬಯಲು, ದೂರದಲ್ಲಿ ಕೃಷ್ಣಮೃಗಗಳ ಹಿಂಡು, ಬದುವಿನ ಮೇಲೆ ನಿಂತು ನೋಡುತ್ತಿರುವ ಹುಡುಗಿ. ನಾವೆಲ್ಲ ಮೊದಲು ನೋಡುವುದು ಅವಳ ಮುಖವನ್ನೇ. ಅದನ್ನು ಸ್ವಲ್ಪ ಹೊತ್ತು ಬಿಡಿ. ಅರಳಿಸಿದ ಕಣ್ಣು, ತೆರೆದ ಬಾಯಿ ಬರೆದು ಬೆರಗು ಅನ್ನಿಸುವುದು ಸೋಮಾರಿ ಕೈಯ ಉಪಾಯ. ಪಳಗಿದ ಕೈ ಬೆರಗನ್ನು ಮೈಗೆ ಇಳಿಸಿರುತ್ತದೆ: ಎತ್ತಿದ ಹಿಮ್ಮಡಿ, ಚಾಚಿದ ಕತ್ತು, ಮುಷ್ಟಿಯಲ್ಲಿ ಮುದುಡಿದ ಲಂಗದ ಅಂಚು. ಅವಳು ನಮಗೆ ಬೆನ್ನು ಮಾಡಿ ನಿಂತಿದ್ದರೂ ಬೆರಗು ಗೊತ್ತಾಗಬೇಕು.

ಆಮೇಲೆ ಅವಳ ನೋಟದ ಜಾಡು ಹಿಡಿದು ಚಿಗರಿಗಳ ಕಡೆ ಹೋಗಿ. (ನಮ್ಮ ಕಡೆ ಕೃಷ್ಣಮೃಗ ಅಂದರೆ ಚಿಗರಿ, ಹುಬ್ಬಳ್ಳಿ–ಧಾರವಾಡದ ಬಸ್ಸೂ ಈಗ ಅದೇ ಹೆಸರು ಹೊತ್ತು ಓಡುತ್ತಿದೆ.) ಗಂಡಿನ ಬೆನ್ನು ಕಪ್ಪುಗಂದು, ಹೊಟ್ಟೆ ಮತ್ತು ಕಣ್ಣಿನ ಸುತ್ತ ಬಿಳಿ. ಆ ಬಿಳಿಯನ್ನು ಹತ್ತಿರದಿಂದ ನೋಡಿ. ಅಲ್ಲಿ ಬಣ್ಣವೇ ಇಲ್ಲ, ಬರೀ ಕಾಗದ. ತೈಲವರ್ಣದಲ್ಲಾದರೆ ಬಿಳಿಯನ್ನು ಕೊನೆಗೆ ಮೆತ್ತಬಹುದು. ಜಲವರ್ಣದಲ್ಲಿ ಮೊದಲೇ ಉಳಿಸಿಕೊಳ್ಳಬೇಕು. ಅಂದರೆ ಕುಂಚ ನೀರಿಗಿಳಿಯುವ ಮುಂಚೆಯೇ ಕಲಾವಿದ ಆ ಹೊಟ್ಟೆಯನ್ನು ಕಂಡಿದ್ದಾನೆ. ಕೆಲವರು ಮರೆತು, ಕೊನೆಗೆ ದಪ್ಪ ಬಿಳಿ ಹಚ್ಚಿ ಸರಿಮಾಡುತ್ತಾರೆ. ಮೂಲಚಿತ್ರವನ್ನು ಓರೆ ಬೆಳಕಿಗೆ ಹಿಡಿದರೆ ಆ ತೇಪೆ ಸಿಕ್ಕಿಬೀಳುತ್ತದೆ.

ಇನ್ನು ಅಂಚುಗಳು. ಹಸಿ ಕಾಗದದ ಮೇಲೆ ಬಿದ್ದ ಬಣ್ಣ ಹಬ್ಬಿ ಮಸುಕಾಗುತ್ತದೆ, ಒಣ ಕಾಗದದ ಮೇಲೆ ಗೆರೆ ಕಡಿದಂತೆ ನಿಲ್ಲುತ್ತದೆ. ಮಂಜಿನಲ್ಲಿ ಕರಗಿದ ಹಿಂಡಿನೊಳಗೆ ಒಂದೇ ಜೋಡಿ ಸುರುಳಿ ಕೊಂಬು ಚೂಪಾಗಿದ್ದರೆ, ಹುಡುಗಿ ನೋಡುತ್ತಿರುವುದು ಅದನ್ನೇ. ಕೆ. ವೆಂಕಟಪ್ಪನವರು (1886–1965) ಜಲವರ್ಣದಲ್ಲಿ ಬರೆದ ಊಟಿಯ ದೃಶ್ಯಗಳ ಮುಂದೆ ನಿಂತು ಈ ಅಂಚುಗಳನ್ನು ಹುಡುಕುವುದು ಒಳ್ಳೆಯ ಅಭ್ಯಾಸ.

ಊರು ಸರಿಯಾಗಿದೆಯೇ ಅಂತಲೂ ನೋಡಿ. 1974ರಲ್ಲಿ ಘೋಷಣೆಯಾದ, 119 ಚದರ ಕಿ.ಮೀ. ವಿಸ್ತಾರದ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯದಲ್ಲಿ ನೀಲಗಿರಿ ನೆಡುತೋಪು ಬಹಳ. ಹಿನ್ನೆಲೆಯಲ್ಲಿ ಆ ಬೂದುಹಸಿರು ಇಲ್ಲದೆ ಪೈನ್ ಮರಗಳಿದ್ದರೆ ಕಲಾವಿದ ರಾಣೆಬೆನ್ನೂರಿಗೆ ಬಂದಿಲ್ಲ, ಪರದೇಶದ ಪುಸ್ತಕ ತಿರುವಿಹಾಕಿದ್ದಾನೆ. ಚಿತ್ರದಲ್ಲಿರುವುದು ಹಾವೇರಿಯ ಹೆಗ್ಗೇರಿ ಕೆರೆಯಾದರೆ, ನೀರಿನೊಳಗಿನ ಆಕಾಶ ಮೇಲಿನದಕ್ಕಿಂತ ತುಸು ಮಬ್ಬಾಗಿರಬೇಕು.

ಬ್ಯಾಡಗಿಯ ಕಣದಲ್ಲಿ ಮೆಣಸಿನಕಾಯಿ ರಾಶಿಯ ಪಕ್ಕ ಕೂತ ಮಗುವಿನ ಚಿತ್ರ ಇನ್ನೂ ಕಠಿಣ ಪರೀಕ್ಷೆ. ಒಂದೇ ಕೆಂಪು ಬಳಿದರೆ ರಾಶಿ ಹಾಸಿದ ಜಮಖಾನೆಯಾಗುತ್ತದೆ. ಬಲ್ಲವರು ಅಡಿಗೆ ತೆಳು ಕಿತ್ತಳೆ ಹರಿಸಿ, ಅದು ಆರಿದ ಮೇಲೆ ಕಡುಗೆಂಪು ಇಳಿಬಿಡುತ್ತಾರೆ. ಒಣಗಿದ ಬ್ಯಾಡಗಿ ಕಡ್ಡಿ ಮೆಣಸಿನಕಾಯಿಯ ಸಿಪ್ಪೆ ಸುಕ್ಕುಸುಕ್ಕು. ಆ ಸುಕ್ಕುಗಳ ಸಾಲಿನಲ್ಲಿ ಬಣ್ಣ ಮಡುಗಟ್ಟಿ ಕಪ್ಪೇರಿದೆಯೇ, ಉಬ್ಬಿನ ಮೇಲೆ ಕಿತ್ತಳೆ ಇಣುಕುತ್ತಿದೆಯೇ, ಹುಡುಕಿ.