ಶಾಸ್ತ್ರವಾಕ್ಯಗಳಲ್ಲಿ ಇಂಗ್ಲಿಷ್ ಕೃದಂತ

ಇಂಗ್ಲಿಷ್ ಕೃದಂತಗಳನ್ನು ಶಾಸ್ತ್ರವಾಕ್ಯಗಳಲ್ಲಿ ರೂಢಿಮಾಡಿಸುವ ಅಭ್ಯಾಸಪಾಠಗಳು ಬಹುಮಟ್ಟಿಗೆ ಎರಡು ವಾಕ್ಯಗಳನ್ನು ಬೆಸೆಯುವುದನ್ನು ಕಲಿಸುತ್ತವೆಯೇ ಹೊರತು ಕರ್ತೃವನ್ನು ವಿಚಾರಿಸುವುದನ್ನಲ್ಲ. ‘ಹೀಟಿಂಗ್ ದಿ ಕಾಪರ್ ಸಲ್ಫೇಟ್, ದಿ ಬ್ಲೂ ಕಲರ್ ಡಿಸಪಿಯರ್ಸ್’ ಎಂಬಲ್ಲಿ ಕಾಯಿಸಿದವರಾರು? ನೀಲವರ್ಣವೆ? ಬೇರೆ ಕರ್ತೃವನ್ನು ಹೇಳದ ಕೃದಂತವು ಪ್ರಧಾನಕ್ರಿಯೆಯ ಕರ್ತೃವನ್ನೇ ಹಿಡಿಯುವುದಷ್ಟೆ. ‘ಮೈಲುತುತ್ತವನ್ನು ಕಾಯಿಸಿ ನೀಲಿಯು ಮಾಯವಾಗುತ್ತದೆ’ ಎಂದೊಡನೆ ಕನ್ನಡದ ಕಿವಿಯು ದೋಷವನ್ನರಿತು, ‘ಕಾಯಿಸಿದರೆ’ ಎಂದು ತಿದ್ದಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿಯಾದರೋ ‘ವೆನ್ ಹೀಟೆಡ್’ ಎಂದು ಕರ್ಮಣಿರೂಪವನ್ನಿಟ್ಟು, ಕಾಪರ್ ಸಲ್ಫೇಟನ್ನೇ ಕರ್ತೃಸ್ಥಾನಕ್ಕೆ ತಂದು, ಅದು ಬಣ್ಣವನ್ನು ಕಳೆದುಕೊಳ್ಳುತ್ತದೆಂದರೆ ವಾಕ್ಯವು ನೆಟ್ಟಗಾಗುವುದು. ‘ಯೂಸಿಂಗ್’ ಎಂಬುದರ ಸಂಗತಿ ಬೇರೆ. ಪ್ರಯೋಗವರದಿಗಳ ರೂಢಿಯಲ್ಲಿ ಅದು ಕನ್ನಡದ ‘ಇಂದ’ ಪ್ರತ್ಯಯದಂತೆ ಸವೆದುಹೋಗಿದೆ. ಅದನ್ನು ಕಂಡಕಂಡಲ್ಲಿ ಹೊಡೆದುಹಾಕುವ ಉಪಾಧ್ಯಾಯರು ವ್ಯಾಕರಣಕ್ಕೆ ನಿಷ್ಠರು, ಬಳಕೆಗೆ ಕಿವುಡರು. ‘ಹೀಟಿಂಗ್’ ಶಬ್ದಕ್ಕೆ ಅಂತಹ ವಿನಾಯಿತಿಯು ಇನ್ನೂ ದೊರೆತಿಲ್ಲ.