ಬೆತ್ತ ಹಿಡಿದ ಕೋಚ್ ಎಂಬ ದಂತಕಥೆ

ಚಂದ್ರಕಾಂತ್ ಪಂಡಿತ್ ಬಗ್ಗೆ ಬರೆಯುವವರಿಗೆಲ್ಲ ಒಂದೇ ಅಚ್ಚು ಸಿಕ್ಕಿಬಿಟ್ಟಿದೆ: ಹೆಡ್ ಮಾಸ್ತರರ ಗತ್ತು, ಮಿಲಿಟರಿ ಶಿಸ್ತು, ಕೊನೆಗೆ ಟ್ರೋಫಿ. ಕೋಚ್ ಆಗಿ ಆರು ಸಲ ರಣಜಿ ಗೆದ್ದವರಿಗೆ ಹೊಗಳಿಕೆ ಸಲ್ಲಲೇಬೇಕು. ಆದರೆ ನಮ್ಮ ಕ್ರೀಡಾಪುಟಗಳು ಅದಕ್ಕೆ ಕೊಡುತ್ತಿರುವ ಕಾರಣ ನನಗೆ ಒಪ್ಪಿಗೆಯಿಲ್ಲ.

ಆಟಗಾರನಾಗಿ ಅವರ ಲೆಕ್ಕ ಎಲ್ಲರಿಗೂ ಗೊತ್ತಿರುವಂಥದ್ದೇ. 1986ರಿಂದ 1992ರವರೆಗೆ 5 ಟೆಸ್ಟ್, 36 ಏಕದಿನ ಪಂದ್ಯ. ಅದು ಕಿರಣ್ ಮೋರೆಯ ಕಾಲ. ಹೆಡಿಂಗ್ಲಿಯಲ್ಲಿ ಪಂಡಿತ್ ಮೊದಲ ಟೆಸ್ಟ್ ಆಡಿದಾಗಲೂ ಗ್ಲೌಸ್ ಮೋರೆಯ ಕೈಯಲ್ಲಿತ್ತು. ಎರಡನೇ ವಿಕೆಟ್ ಕೀಪರ್ ಆಗಿ ವರ್ಷಗಟ್ಟಲೆ ಕಾದವರು ಅವರು. ಇದನ್ನು ಅವರ ದುರದೃಷ್ಟ ಎಂದು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನನ್ನ ಪ್ರಕಾರ ಅವರ ಕೋಚಿಂಗಿನ ಬೇರು ಇರುವುದೇ ಇಲ್ಲಿ.

ಪುಣೆಯ ಗಹುಂಜೆ ಮೈದಾನದಲ್ಲಿ 2016ರ ಫೆಬ್ರವರಿಯಲ್ಲಿ ನಡೆದ ರಣಜಿ ಫೈನಲ್ ನೋಡಿ; ಪಂಡಿತ್ ಆಗ ಮುಂಬೈ ಕೋಚ್. ಸೌರಾಷ್ಟ್ರ 235. ಶ್ರೇಯಸ್ ಅಯ್ಯರ್ 117 ಹೊಡೆದರೂ ಮುಂಬೈ 268ಕ್ಕೆ 9. ಮುನ್ನಡೆ ಬರೀ 33. ಉಳಿದವರು ಸಿದ್ಧೇಶ್ ಲಾಡ್ ಮತ್ತು ಹನ್ನೊಂದನೇ ಕ್ರಮಾಂಕದ ಬಲ್ವಿಂದರ್ ಸಂಧು. 1983ರ ವಿಶ್ವಕಪ್ ಹೀರೊನ ಹೆಸರೇ, ಆದರೆ ಮನುಷ್ಯ ಬೇರೆ. ಕೊನೆಯ ವಿಕೆಟ್‌ಗೆ ಇಬ್ಬರೂ 103 ರನ್ ಕೂಡಿಸಿದರು. ಲಾಡ್ 88, ಮುಂಬೈ 371. ಆಮೇಲೆ ಶಾರ್ದೂಲ್ ಠಾಕೂರ್ 26 ರನ್ನಿಗೆ 5 ವಿಕೆಟ್ ಕಿತ್ತರು, ಸೌರಾಷ್ಟ್ರ 115ಕ್ಕೆ ಉದುರಿತು. ಮೂರೇ ದಿನದಲ್ಲಿ ಮುಂಬೈಗೆ ಇನಿಂಗ್ಸ್ ಮತ್ತು 21 ರನ್‌ಗಳ ಗೆಲುವು, 41ನೇ ರಣಜಿ ಪ್ರಶಸ್ತಿ.

ಲೆಕ್ಕಿಗರು ತಕ್ಷಣ ಹೇಳುತ್ತಾರೆ: ಆ 103 ಇಲ್ಲದಿದ್ದರೂ ಮುಂಬೈಗೆ ಬೇಕಾಗುತ್ತಿದ್ದದ್ದು 83 ರನ್ ತಾನೇ? ಕಾಗದದ ಮೇಲೆ ಸರಿ. ಆದರೆ 33ರ ಮುನ್ನಡೆ ಇಟ್ಟುಕೊಂಡು ಬೌಲ್ ಮಾಡುವ ವೇಗಿಯೇ ಬೇರೆ, 136 ಇಟ್ಟುಕೊಂಡವನೇ ಬೇರೆ. ಮೊದಲನೆಯವನು ಒಂದು ಬೌಂಡರಿ ಹೋದರೆ ಸ್ಲಿಪ್ಪಿನವನನ್ನು ಕಳಿಸಿ ಪಾಯಿಂಟ್ ಕಾಯಿಸುತ್ತಾನೆ. ಎರಡನೆಯವನು ಸ್ಲಿಪ್ ಹಾಗೇ ಇಟ್ಟು ಚೆಂಡನ್ನು ಇನ್ನೂ ಮುಂದಕ್ಕೆ ಹಾಕುತ್ತಾನೆ. ಬ್ಯಾಟ್ ಮಾಡುವವನಿಗೂ ಅಷ್ಟೇ: ಮುನ್ನಡೆ ದೂರವಿದ್ದಷ್ಟೂ ಕೈ ಕಟ್ಟಿಹೋಗುತ್ತದೆ. ಪಂದ್ಯದ ಸ್ವರೂಪ ತಿರುಗಿದ್ದು ಹನ್ನೊಂದನೆಯವನ ಬ್ಯಾಟಿನಿಂದ. ಬೆತ್ತಕ್ಕೆ ಹೆದರಿದವನು ಒಂದು ಸೆಷನ್ ಮೈದಾನ ಸುತ್ತು ಹಾಕಿಯಾನು. ಫೈನಲ್‌ನಲ್ಲಿ ಲಾಡ್ ಜೊತೆ ಶತಕದ ಜೊತೆಯಾಟಕ್ಕೆ ನಿಲ್ಲಲಾರ. ತಂಡದ ಲೆಕ್ಕದಲ್ಲಿ ತಾನೂ ಒಬ್ಬ ಎಂದು ನಂಬಿದವನು ಮಾತ್ರ ನಿಲ್ಲುತ್ತಾನೆ.

ಇದು ಒಂಟಿ ಉದಾಹರಣೆಯೂ ಅಲ್ಲ. 2017ರ ಈಡನ್ ಸೆಮಿಫೈನಲ್ ಕನ್ನಡಿಗರಿಗೆ ಇನ್ನೂ ಉರಿಯುವ ಗಾಯ. 198 ಬೆನ್ನಟ್ಟಿದ ಕರ್ನಾಟಕ 192ಕ್ಕೆ ಮುಗಿಯಿತು, ಪಂಡಿತ್ ಕೋಚ್ ಆಗಿದ್ದ ವಿದರ್ಭ 5 ರನ್ನಿನಿಂದ ಗೆದ್ದಿತು. 68ಕ್ಕೆ 7 ಕಿತ್ತ ರಜನೀಶ್ ಗುರ್ಬಾನಿಯ ಹೆಸರು ಅದಕ್ಕೆ ಮುಂಚೆ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿತ್ತು? ಫೈನಲ್‌ನಲ್ಲಿ 133 ಹೊಡೆದವರು ಹೊಸ ಕೀಪರ್ ಅಕ್ಷಯ್ ವಾಡಕರ್. 2022ರಲ್ಲಿ ಆಲೂರಿನ ಸೆಮಿಫೈನಲ್‌ನಲ್ಲಿ ಬಂಗಾಳದ ವಿರುದ್ಧ ಪಂಡಿತರ ಮಧ್ಯಪ್ರದೇಶಕ್ಕೆ 165 ಕೊಟ್ಟ ಹಿಮಾಂಶು ಮಂತ್ರಿಯೂ ಕೀಪರೇ. ಎರಡನೇ ಸಾಲಿನವನ ಬೆಲೆ ಎರಡನೇ ಸಾಲಿನಲ್ಲಿ ಕೂತವನಿಗೇ ಗೊತ್ತು. ಅಮೆರಿಕದ ಬೇಸ್‌ಬಾಲ್‌ನಲ್ಲಿ ಇದು ಹೊಸ ಮಾತಲ್ಲ. ಬದಲಿ ಕ್ಯಾಚರ್ ಆಗಿಯೇ ಹೆಚ್ಚು ಕಾಲ ಕಳೆದ ಬ್ರೂಸ್ ಬೋಚಿ ಮ್ಯಾನೇಜರ್ ಆಗಿ ನಾಲ್ಕು ವರ್ಲ್ಡ್ ಸೀರೀಸ್ ಗೆದ್ದರು.

ಇನ್ನು ‘ಸೇಡಿನ’ ಕಥೆ ಬರೆಯುವವರು. 1999ರ ರಣಜಿ ಫೈನಲ್‌ನಲ್ಲಿ ಚಿನ್ನಸ್ವಾಮಿಯಲ್ಲಿ ಮಧ್ಯಪ್ರದೇಶದ ನಾಯಕನಾಗಿ ಸೋತ ಪಂಡಿತ್, 2022ರಲ್ಲಿ ಅಲ್ಲೇ ಕೋಚ್ ಆಗಿ ಗೆದ್ದು ಕಣ್ಣೀರಿಟ್ಟರು. ಕಣ್ಣೀರು ನಿಜ, ಕಥೆ ಸಿನಿಮಾದ್ದು. ಅಂದು 75 ರನ್ ಮುನ್ನಡೆ ಇದ್ದರೂ ಮಧ್ಯಪ್ರದೇಶ ಸೋತದ್ದು ಶಿಸ್ತಿನ ಕೊರತೆಯಿಂದಲ್ಲ, 24 ರನ್ನಿಗೆ 6 ವಿಕೆಟ್ ಕಬಳಿಸಿದ ವಿಜಯ್ ಭಾರದ್ವಾಜ್ ಅವರ ಆಫ್ ಸ್ಪಿನ್ನಿನಿಂದ. ಸೋಲಿಸಿದ್ದು ಕರ್ನಾಟಕ, 2022ರಲ್ಲಿ ಸೋತದ್ದು ಪಂಡಿತರ ತವರು ಮುಂಬೈ. ಯಾರ ಮೇಲೆ ಯಾರ ಸೇಡು? ಶಿಸ್ತೇ ಗೆಲ್ಲಿಸುವುದಾದರೆ, ಪುಣೆಯ ಮರುವರ್ಷವೇ ಅದೇ ಕೋಚ್, ಅದೇ ಮುಂಬೈ, ಇಂದೋರ್ ಫೈನಲ್‌ನಲ್ಲಿ ಗುಜರಾತಿಗೆ ಸೋತದ್ದು ಹೇಗೆ? ಅಂದು 312ರ ಗುರಿ ಮುಟ್ಟಿಸಿದ 143 ಪಾರ್ಥಿವ್ ಪಟೇಲ್ ಅವರದು. ಈ ಪ್ರಶ್ನೆಗೆ ಬೆತ್ತದ ಭಕ್ತರಲ್ಲಿ ಉತ್ತರವಿಲ್ಲ.

ಕಟ್ಟುನಿಟ್ಟು ಇದೆ, ಅಲ್ಲಗಳೆಯುವುದಿಲ್ಲ. ಅದು ಮುಂಬೈ ಮೈದಾನಗಳ ಹಳೇ ಆಸ್ತಿ, ಪಂಡಿತರ ಸ್ವಂತ ಗಳಿಕೆಯಲ್ಲ. ಅವರು ಕೋಚ್ ಆಗಿದ್ದ ಐಪಿಎಲ್ ತಂಡ ಕೋಲ್ಕತ್ತ ನೈಟ್ ರೈಡರ್ಸ್‌ನಲ್ಲಿ ಆ ಬಿಗಿ ಕೆಲವರಿಗೆ ಒಗ್ಗಲಿಲ್ಲ; 2024ರ ಕಪ್ಪಿನ ಶ್ರೇಯ ಗೌತಮ್ ಗಂಭೀರ್ ಪಾಲಾಯಿತು. ಹರಾಜಿನಲ್ಲಿ ಕೊಂಡ ತಂಡದಲ್ಲಿ, ಎರಡು ತಿಂಗಳ ಆಟದಲ್ಲಿ, ಎರಡನೇ ಸಾಲನ್ನು ಬೆಳೆಸಲು ಕೋಚ್‌ಗೆ ಸಮಯವಾದರೂ ಎಲ್ಲಿ? ಅವರ ವಿದ್ಯೆಗೆ ಅಲ್ಲಿ ಕೆಲಸವೇ ಇರಲಿಲ್ಲ.

ಆರು ಟ್ರೋಫಿಗಳನ್ನು ಒಂದೇ ತಕ್ಕಡಿಗೆ ಹಾಕುವುದು ಬಿಡೋಣ. 2003, 2004ರವು ಮುಂಬೈ ಖಾತೆಗೆ ಹೋಗಲಿ; ಅವರಿಲ್ಲದೆಯೂ ಆ ತಂಡ ಗೆಲ್ಲಬಲ್ಲುದಾಗಿತ್ತು. ಪುಣೆಯದರಲ್ಲಿ ಅರ್ಧ ಪಾಲು ಕೊಡೋಣ. ವಿದರ್ಭದ ಎರಡು, ಮಧ್ಯಪ್ರದೇಶದ ಒಂದು ಪೂರ್ತಿ ಅವರವು. ಒಟ್ಟು ಮೂರೂವರೆ, ಮತ್ತು ಆ ಮೂರೂವರೆ ಉಳಿದವರ ಆರಕ್ಕಿಂತ ತೂಕದ್ದು.